ಹೇಳದೆ ಮಾಡಿದ ಕೆಲಸ

ವಿಶ್ವವಿದ್ಯಾಲಯದ ಹಳೆಯ ಸಭಾಂಗಣದ ಬೀಗ ತೆಗೆಯುವುದು, ಬೀಗ ಹಾಕುವುದು, ನಡುವಿನ ಹೊತ್ತಿನಲ್ಲಿ ಎಂಟುನೂರು ಕುರ್ಚಿಗಳ ಧೂಳು ಒರೆಸುವುದು. ಇಪ್ಪತ್ತಾರು ವರ್ಷಗಳಿಂದ ಅವಳ ಬಾಳು ಇಷ್ಟರಲ್ಲೇ ಸುತ್ತುತ್ತಿತ್ತು. ಸಂಬಳದ ಪಟ್ಟಿಯಲ್ಲಿ ಅವಳಿಗೊಂದು ಹೆಸರಿತ್ತು. ಅದನ್ನು ಯಾರೂ ಕರೆದವರಿಲ್ಲ. ಕುಲಪತಿಗಳಿಂದ ಹಿಡಿದು ನಿನ್ನೆ ಮೊನ್ನೆ ಸೇರಿದ ಮಕ್ಕಳವರೆಗೆ ಎಲ್ಲರಿಗೂ ಅವಳು ಬೀಗದಕ್ಕ.

ಯಾವ ಕುರ್ಚಿ ಕೂತರೆ ನರಳುತ್ತದೆ, ಯಾವ ಕಿಟಕಿ ಗಾಳಿಗೆ ಹಲ್ಲು ಕಡಿಯುತ್ತದೆ ಎಂಬುದೆಲ್ಲ ಅವಳಿಗೆ ಗೊತ್ತು. ನಿದ್ದೆಯಲ್ಲಿ ಮಗು ಮಗ್ಗುಲು ಬದಲಿಸಿದ್ದು ತಾಯಿಗೆ ಹೇಗೋ ತಿಳಿಯುತ್ತದಲ್ಲ, ಹಾಗೆ. ಬಾಗಿಲ ಬಳಿ ನಿಂತೇ ಅವಳು ಕೇಳಿದ ಭಾಷಣಗಳಿಗೆ ಲೆಕ್ಕವಿಲ್ಲ. ಎಂಟು ವರ್ಷದ ಹಿಂದೆ ನಾಯಕತ್ವ ಅಧ್ಯಯನ ವಿಭಾಗ ಶುರುವಾದಾಗ, "ಇಷ್ಟು ಮಕ್ಕಳೂ ನಾಯಕರಾಗಿಬಿಟ್ರೆ ಕುರ್ಚಿ ಎತ್ತಿಡೋರು ಯಾರಪ್ಪ?" ಎಂದು ಕೇಳಿದ್ದಳು. ವಿಭಾಗದ ಪ್ರೊಫೆಸರರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅಂದಿನಿಂದ ಎದುರು ಸಿಕ್ಕಾಗಲೆಲ್ಲ ಅವಳ ಮಂಡಿನೋವು ವಿಚಾರಿಸದೆ ಮುಂದೆ ಹೋದವರಲ್ಲ. ಕೆಟ್ಟ ಮನುಷ್ಯರಲ್ಲ ಅವರು. ಅದೇ ಆಮೇಲೆ ಅವಳನ್ನು ಹೆಚ್ಚು ಹೆದರಿಸಿದ್ದು.

ಬಿರುಕು ಅವಳ ಕಣ್ಣಿಗೆ ಬಿದ್ದದ್ದು ಜೇಡರ ಬಲೆ ತೆಗೆಯುವಾಗ. ಸಭಾಂಗಣದ ಹಿಂಬದಿಯಲ್ಲಿ, ಇನ್ನೂರು ಜನ ಕೂರುವ ಗ್ಯಾಲರಿ ಗೋಡೆಯಿಂದ ಮುಂದಕ್ಕೆ ಚಾಚಿಕೊಂಡಿತ್ತು. ಅದರ ಕೆಳಗೂ ಆರು ಸಾಲು ಕುರ್ಚಿ. ಗ್ಯಾಲರಿಯ ತೊಲೆ ಗೋಡೆಗೆ ಸೇರುವ ಮೂಲೆಯಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ. ಕಸಬರಿಕೆಯಿಂದ ಒರೆಸಿದಳು. ಹೋಗಲಿಲ್ಲ.

ಅವಳ ಅಪ್ಪ ಗಾರೆ ಕೆಲಸದವನು. "ಗೋಡೆಗೆ ಬಾಯಿಲ್ಲ ಅನ್ಬೇಡ ಮಗಳೇ, ಅದರ ಬಾಯಿಗೆ ಕಾಗದ ಅಂಟಿಸು, ತಾನೇ ಮಾತಾಡುತ್ತೆ" ಎನ್ನುತ್ತಿದ್ದ. ಅವಳು ತೆಳುವಾದ ಕಾಗದದ ಪಟ್ಟಿ ಕತ್ತರಿಸಿ, ತಾರೀಖು ಬರೆದು, ಹಿಟ್ಟಿನ ಅಂಟು ಸವರಿ ಬಿರುಕಿಗೆ ಅಡ್ಡಲಾಗಿ ಹಚ್ಚಿದಳು. ಗೋಡೆ ಅಲುಗದಿದ್ದರೆ ಕಾಗದ ಹಾಗೇ ಇರುತ್ತದೆ. ಅಲುಗಿದರೆ ಹರಿಯುತ್ತದೆ.

ಮೊದಲ ಪಟ್ಟಿ ನಲವತ್ತು ದಿನ ತಾಳಿತು. ಅದರ ಕೆಳಗೆ ಹಚ್ಚಿದ ಎರಡನೆಯದು ಇಪ್ಪತ್ತಮೂರು ದಿನ. ಮೂರನೆಯದು ಹನ್ನೊಂದು, ನಾಲ್ಕನೆಯದು ಆರು. ಐದನೆಯದು ಮೂರೇ ದಿನಕ್ಕೆ ಹರಿಯಿತು. ಕಟ್ಟಡ ವಿಭಾಗಕ್ಕೆ ಮೂರು ಸಲ ಅರ್ಜಿ ಕೊಟ್ಟಿದ್ದಳು. ಮೂರಕ್ಕೂ ಒಂದೇ ಉತ್ತರ: ಪರಿಶೀಲನೆಯಲ್ಲಿದೆ.

ಒಂದು ಶುಕ್ರವಾರ ಸಂಜೆ ಆರನೆಯ ಪಟ್ಟಿ ಹಚ್ಚಿ ಅವಳು ಎರಡು ದಿನ ರಜೆ ಹಾಕಿದಳು, ತಮ್ಮನ ಕಣ್ಣಿನ ಆಪರೇಷನ್ನಿಗೆಂದು. ತಮ್ಮನೂ ಅಪ್ಪನ ಹಾಗೆ ಗಾರೆಯವನೇ. ಆಸ್ಪತ್ರೆಯ ಮಂಚದಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದವನಿಗೆ ಹೊತ್ತು ಹೋಗಲೆಂದು ಬಿರುಕಿನ ಕಥೆ ಹೇಳಿದಳು. ತಮಾಷೆ ಮಾಡುತ್ತಲೇ ಕೇಳುತ್ತಿದ್ದವನು ದಿನಗಳ ಲೆಕ್ಕ ಬಂದಾಗ ದಿಂಬಿನಿಂದ ತಲೆಯೆತ್ತಿದ.

"ಅಕ್ಕಾ, ಇನ್ನೊಂದ್ಸಲ ಹೇಳು."

"ನಲವತ್ತು, ಇಪ್ಪತ್ತಮೂರು, ಹನ್ನೊಂದು, ಆರು, ಮೂರು."

"ಖಾಲಿ ಗ್ಯಾಲರಿಗೇ ಇಷ್ಟು ಅವಸರ ಇದ್ರೆ, ಜನ ಕೂತ್ರೆ ಏನು ಗತಿ?" ಎಂದ. ಕಾಣದ ಕಣ್ಣನ್ನು ಅವಳತ್ತ ತಿರುಗಿಸಿ, "ಮೇಲೆ ಯಾರನ್ನೂ ಹತ್ತಿಸ್ಬೇಡ. ಕೆಲಸ ಹೋದ್ರೂ ಹೋಗ್ಲಿ. ನಾನಿದೀನಿ, ಕುರುಡಾದ್ರೂ ಗಾರೆ ಕಲಸ್ತೀನಿ" ಎಂದ.

ಬುಧವಾರ ವಿದ್ಯಾರ್ಥಿಗಳ ಸಂಶೋಧನಾ ಸಮಾವೇಶವಿತ್ತು. ಬೇರೆ ಏಳು ವಿಶ್ವವಿದ್ಯಾಲಯಗಳ ಮಕ್ಕಳೂ ಬಂದು ತಂತಮ್ಮ ಪ್ರಬಂಧ ಓದುವ ದಿನ.

ಸೋಮವಾರ ಬೆಳಿಗ್ಗೆ ಬೀಗದಕ್ಕ ಪ್ರೊಫೆಸರರನ್ನು ಕೈಹಿಡಿದು ಎಳೆದುಕೊಂಡು ಬಂದಂತೆ ಸಭಾಂಗಣಕ್ಕೆ ಕರೆತಂದಳು. ಪಟ್ಟಿಗಳನ್ನು ತೋರಿಸಿದರೆ ಸಾಕು, ಓದಿದವರು, ಅರ್ಥ ಮಾಡಿಕೊಳ್ಳುತ್ತಾರೆ ಎಂಬ ಧೈರ್ಯ ಅವಳಿಗೆ.

ಇಬ್ಬರೂ ತಲೆಯೆತ್ತಿ ನೋಡಿದರು. ಪಟ್ಟಿಗಳಿರಲಿಲ್ಲ. ಬಿರುಕೂ ಇರಲಿಲ್ಲ. ಗೋಡೆ ಹಾಲು ಬಳಿದಂತೆ ಬೆಳ್ಳಗೆ, ನುಣ್ಣಗಿತ್ತು. ಹಸಿ ಬಣ್ಣದ ವಾಸನೆ ಮೂಗಿಗೆ ಹೊಡೆಯಿತು.

"ಓ, ಇದಾ!" ಪ್ರೊಫೆಸರರ ಮುಖ ಅರಳಿತು. "ನಮ್ಮ ಮಕ್ಕಳ ಕೆಲಸ ಕಣಮ್ಮ. ಶನಿವಾರ ಆಫೀಸಿನ ಕೀಲಿ ಇಸ್ಕೊಂಡು ಬಂದು ಮಾಡಿದಾರೆ."

ನಾಯಕತ್ವದ ತರಗತಿಯಲ್ಲಿ ಒಂದು ಪಾಠವಿತ್ತು. ಅದರ ಹೆಸರು 'ಹೇಳದೆ ಮಾಡು'. ಕೆಟ್ಟದ್ದೊಂದನ್ನು ಕಂಡುಹಿಡಿಯಬೇಕು, ಯಾರ ಅಪ್ಪಣೆಗೂ ಕಾಯದೆ ತಾವೇ ಸರಿಪಡಿಸಬೇಕು, ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎಂದು ಫೋಟೋ ತೆಗೆದು ಸಮಾವೇಶದಲ್ಲಿ ಹೇಳಬೇಕು. ನಾಲ್ವರು ಮಕ್ಕಳ ಗುಂಪೊಂದು ಸಭಾಂಗಣ ಸುತ್ತಿ ನೋಡಿ, ಗೋಡೆಗೆ ಯಾರೋ ಅಂಟಿಸಿದ್ದ ಹರಕು ಕಾಗದಗಳನ್ನು ಕೆರೆದು, ಬಿರುಕಿಗೆ ಸಿಮೆಂಟ್ ಮೆತ್ತಿ, ಬಣ್ಣ ಬಳಿದಿತ್ತು. ಪ್ರೊಫೆಸರರು ಪೂರ್ತಿ ಅಂಕ ಕೊಟ್ಟಾಗಿತ್ತು.

"ಸಾರ್, ಅದು ಹುಣ್ಣಿಗೆ ಪೌಡರ್ ಹಚ್ಚಿದ ಹಾಗೆ. ಒಳಗೆ ಬಿರುಕು ಹಾಗೇ ಇದೆ. ಗ್ಯಾಲರಿಗೆ ಜನ ಬಿಡ್ಬೇಡಿ."

"ಎಂಜಿನಿಯರ್ ಬರೆದುಕೊಟ್ಟಿದಾರಾ?"

"ಇಲ್ಲ. ಕಾಗದ ಹೇಳಿತ್ತು."

"ಯಾವ ಕಾಗದ?"

ಅವಳು ಖಾಲಿ ಗೋಡೆಯತ್ತ ಕೈ ತೋರಿಸಿದಳು.

ಪ್ರೊಫೆಸರರು ನಗಲಿಲ್ಲ, ಬೇಸರವೂ ಪಡಲಿಲ್ಲ. "ಇನ್ನೂರು ಮಕ್ಕಳನ್ನ ಎಲ್ಲಿ ಕೂರಿಸ್ಲಮ್ಮ, ನನ್ನ ತಲೆ ಮೇಲಾ?" ಎಂದರು.

"ಅವರ ತಲೆ ಮೇಲೇನೂ ಬೀಳಬಾರ್ದು ಅಂತಾನೇ ಸಾರ್ ನಾನು ಬಡ್ಕೊಳ್ತಿರೋದು."

"ಐವತ್ತು ವರ್ಷ ನಿಂತಿದೆ. ಬುಧವಾರ ಒಂದು ದಿನ ನಿಲ್ಲಲ್ವಾ?" ಎಂದು ಅವಳ ಭುಜ ತಟ್ಟಿ ಹೊರಟುಹೋದರು.

ಆ ಎರಡು ದಿನ ಅವಳು ಸಭಾಂಗಣದಲ್ಲಿ ಕಸ ಗುಡಿಸುವಾಗಲೂ ಕಾಲ ತುದಿಯಲ್ಲಿ ನಡೆದಳು. ಬುಧವಾರ ಬೆಳಗಾಗುತ್ತಲೇ ಗ್ಯಾಲರಿಯ ಬಾಗಿಲಿಗೆ ತನ್ನ ಮನೆಯ ಬೀಗ ತಂದು ಹಾಕಿದಳು.

ವೇದಿಕೆಯ ಮೇಲೆ ಹುಡುಗಿಯೊಬ್ಬಳು ಪರದೆ ಸರಿಮಾಡುತ್ತಿದ್ದಳು. ಒಂದು ಕಡೆ ನಿಲ್ಲದ ಕಾಲು, ಒಂದು ಕ್ಷಣ ಮುಚ್ಚದ ಬಾಯಿ. ಬೀಗದಕ್ಕ ಅವಳಿಗೆ ಗಿರಗಿಟ್ಲೆ ಎಂದು ಹೆಸರಿಟ್ಟಿದ್ದಳು. ಬಣ್ಣ ಬಳಿದ ಗುಂಪಿನ ಮುಂದಾಳು ಇವಳೇ.

"ಬೀಗದಕ್ಕಾ, ಹೇಗಿದೆ ನಿಮ್ಮ ಗೋಡೆ? ಥ್ಯಾಂಕ್ಸ್ ಕೂಡ ಹೇಳ್ಲಿಲ್ಲ ನೀವು!"

"ಆ ಕಾಗದ ಅಂಟಿಸಿದ್ದು ನಾನು ಕಣೇ ತಾಯಿ."

ಗಿರಗಿಟ್ಲೆ ನಿಂತಳು. ಬೀಗದಕ್ಕ ಅಪ್ಪನ ಮಾತಿನಿಂದ ತಮ್ಮನ ಮಾತಿನವರೆಗೆ ಎಲ್ಲ ಹೇಳಿದಳು. ಹುಡುಗಿ ಮೊದಲು ವಾದ ಮಾಡಿದಳು. ಆಮೇಲೆ ಫೋನು ತೆಗೆದು ಶನಿವಾರ ಬೆಳಿಗ್ಗೆ ಕೆಲಸಕ್ಕೆ ಮುಂಚೆ ತೆಗೆದ ಫೋಟೋ ಹುಡುಕಿದಳು. ಬಿರುಕಿನ ಮೇಲೆ ಆರು ಪಟ್ಟಿ, ಒಂದೊಂದರ ಮೇಲೂ ದುಂಡು ಅಕ್ಷರದಲ್ಲಿ ತಾರೀಖು.

"ದೊಡ್ಡದು ಮಾಡು. ಕೊನೇದು ತೋರ್ಸು."

ಕೊನೆಯದು ಶುಕ್ರವಾರ ಸಂಜೆ ಹಚ್ಚಿದ್ದು. ಅದೂ ನಡುವೆ ಹರಿದಿತ್ತು.

"ಒಂದೇ ರಾತ್ರಿ," ಎಂದಳು ಬೀಗದಕ್ಕ.

ಇಬ್ಬರೂ ಗೇಟಿಗೆ ಓಡಿದರು. ಪ್ರೊಫೆಸರರು ಅತಿಥಿಗಳ ನಡುವೆ ಮುಳುಗಿಹೋಗಿದ್ದರು. ಫೋನಿನತ್ತ ಅರೆನೋಟ ಹಾಯಿಸಿ, "ಊಟದ ಹೊತ್ತಲ್ಲಿ ನೋಡೋಣ" ಎಂದರು. ಹಿಂತಿರುಗಿ ಬರುವಷ್ಟರಲ್ಲಿ ಬೀಗದಕ್ಕನ ಬೀಗ ಮೆಟ್ಟಿಲ ಮೇಲೆ ಮುರಿದು ಬಿದ್ದಿತ್ತು. ಆಫೀಸಿನವರು ಒಡೆಸಿದ್ದರು. ಗ್ಯಾಲರಿ ತುಂಬಿತ್ತು. ಮೊದಲ ವರ್ಷದ ಮಕ್ಕಳು. ಹಾಜರಿ ಕೊನೆಯಲ್ಲಿ ತೆಗೆದುಕೊಳ್ಳುತ್ತಾರೆಂದು ಹೇಳಿ ಕೂರಿಸಿದ್ದರು. "ಕೆಳಗೆ ಬನ್ನಿ ಮಕ್ಕಳೇ" ಎಂದು ಬೀಗದಕ್ಕ ಕರೆದರೆ, "ಹಾಜರಿ ನೀವು ಕೊಡಿಸ್ತೀರಾ ಅಕ್ಕಾ?" ಎಂದು ಒಬ್ಬ ಕೇಳಿದ. ಸುತ್ತಲಿನವರು ನಕ್ಕು ಕಾಲು ಕುಟ್ಟಿದರು. ಆ ಕುಟ್ಟು ಅವಳ ಎದೆಯೊಳಗೆ ಬಿದ್ದಂತಾಯಿತು.

ಸಮಾವೇಶ ಶುರುವಾಯಿತು. ಮೊದಲ ಪ್ರಬಂಧ ಮುಗಿದಾಗ ಚಪ್ಪಾಳೆ. ಕೆಳಗೆ ಕೊನೆಯ ಸಾಲಿನಲ್ಲಿ ಕೂತ ಹುಡುಗನೊಬ್ಬ ತಲೆಯ ಮೇಲಿನಿಂದ ಏನನ್ನೋ ಕೊಡವಿಕೊಂಡ. ಎರಡನೆಯ ಪ್ರಬಂಧ. ಮತ್ತೆ ಚಪ್ಪಾಳೆ. ಅವನು ಮತ್ತೆ ಕೊಡವಿಕೊಂಡ. ಬಿಳಿ ಪುಡಿ.

ಮೂರನೆಯವಳು ಗಿರಗಿಟ್ಲೆ. ಬೀಗದಕ್ಕ ಅವಳ ಕಿವಿಯಲ್ಲಿ ಹೇಳಿದಳು: "ಥಟ್ಟನೆ ಹೇಳ್ಬಿಟ್ರೆ ಎಲ್ಲ ಒಟ್ಟಿಗೆ ಎದ್ದು ಓಡ್ತಾರೆ. ಆ ಓಟಕ್ಕೇ ಬೀಳುತ್ತೆ. ನಾನು ಮೇಲೆ ಹೋಗಿ ಕೈ ಎತ್ತೋವರೆಗೂ ಬಾಯಿಬಿಡ್ಬೇಡ."

"ಬಹುಮಾನ ನಮ್ಮ ಗುಂಪಿಗೇ ಅಂತ ಸಾರ್ ಅಂದಿದ್ರು ಅಕ್ಕಾ," ಎಂದಳು ಹುಡುಗಿ. ಅವಳ ದನಿಯಲ್ಲಿ ದೂರಿರಲಿಲ್ಲ. ಕಳೆದುಕೊಳ್ಳುವುದನ್ನು ಒಮ್ಮೆ ಬಾಯಿಬಿಟ್ಟು ಹೇಳಿಕೊಂಡಳು, ಅಷ್ಟೆ. ಆಮೇಲೆ ವೇದಿಕೆ ಹತ್ತಿದಳು.

ಬೀಗದಕ್ಕ ಮಂಡಿ ಹಿಡಿದುಕೊಂಡು ಮೆಟ್ಟಿಲು ಏರಿದಳು. ಗ್ಯಾಲರಿಯ ಬಾಗಿಲಲ್ಲಿ, ಗೋಡೆಗೆ ಬೆನ್ನು ಕೊಟ್ಟು ನಿಂತು ಕೈ ಎತ್ತಿದಳು.

ಪರದೆಯ ಮೇಲೆ ಆರು ಹರಕು ಪಟ್ಟಿಗಳು ಆಳೆತ್ತರಕ್ಕೆ ಮೂಡಿದವು.

"ಇದು ನಾವು ಮುಚ್ಚಿದ ಬಿರುಕು," ಎಂದಳು ಗಿರಗಿಟ್ಲೆ. "ಈ ಕಾಗದ ಕಸ ಅಂದ್ಕೊಂಡು ಕಿತ್ತುಹಾಕಿದ್ವಿ. ಯಾರು ಅಂಟಿಸಿದ್ದು, ಯಾಕೆ ಅಂತ ಕೇಳ್ಲಿಲ್ಲ. ಬಿರುಕು ಇನ್ನೂ ಬೆಳೀತಿದೆ. ಇದೇ ಗ್ಯಾಲರಿದು. ಯಾರೂ ಏಳ್ಬೇಡಿ. ಮೇಲೆ ಬಾಗಿಲಲ್ಲಿ ನಿಂತಿರೋರು ಹೇಳಿದ ಹಾಗೆ ಮಾತ್ರ ಮಾಡಿ."

ನಾಯಕತ್ವದ ತರಗತಿಗಳಲ್ಲಿ ಇಂಥ ಆಟ ಆಡಿಸುವುದು ವಾಡಿಕೆ. ಕೆಲವರು ಇದೂ ಆಟವೆಂದು ನಕ್ಕರು. ಗ್ಯಾಲರಿಯ ಕೆಳಗಿನ ಸಾಲಿನಲ್ಲಿ ನಗುತ್ತಿದ್ದವರ ಮೇಲೆಯೇ ಅಂಗೈಯಗಲದ ಗಾರೆಯ ಚಕ್ಕೆ ಉದುರಿ ಪುಡಿಯಾಯಿತು. ನಗು ಕತ್ತರಿಸಿದಂತೆ ನಿಂತಿತು. ಗ್ಯಾಲರಿಯ ಇನ್ನೂರು ಜನ ಒಟ್ಟಿಗೆ ಉಸಿರೆಳೆದುಕೊಂಡರು. ಏಳಲೆಂದು ಎಲ್ಲರ ಕೈಯೂ ಕುರ್ಚಿಯ ತೋಳಿಗೆ ಹೋಯಿತು.

"ಕೂತ್ಕೊಳ್ಳಿ!" ಬೀಗದಕ್ಕನ ಗಂಟಲಿನಿಂದ ಅಂಥ ದನಿ ಎಂದೂ ಹೊರಟಿರಲಿಲ್ಲ. "ಓಡಿದ್ರೆ ಎಲ್ಲರೂ ಹೋಗ್ತೀರಿ. ಚಪ್ಪಲಿ ಬಿಡಿ. ಮುಂದಿನ ಸಾಲು ಮಾತ್ರ ಎದ್ದೇಳಿ. ಒಬ್ಬರ ಹಿಂದೆ ಒಬ್ಬರು. ಕಾಲು ಕುಟ್ಬೇಡಿ, ಮಗು ಮಲಗಿರೋ ಕೋಣೆಯಿಂದ ಆಚೆ ಹೋಗೋ ಹಾಗೆ ಬನ್ನಿ."

ಅವರು ಬಂದರು. ಬರಿಗಾಲಿನ ಸಪ್ಪಳವೊಂದೇ ಸದ್ದು. ಒಂದು ಸಾಲು ಮೆಟ್ಟಿಲಿಳಿದ ಮೇಲೆ ಇನ್ನೊಂದು ಸಾಲು. ಕೆಳಗೆ ಪ್ರೊಫೆಸರರು ವೇದಿಕೆಗೆ ಬಂದು ಮೈಕಿನ ಮುಂದೆ ನಿಂತಿದ್ದರು. ಬೀಗದಕ್ಕ ಅವರತ್ತ ನೋಡಿ, ಗ್ಯಾಲರಿಯ ಕೆಳಗಿನ ಕುರ್ಚಿಗಳತ್ತ ಬೆರಳು ಮಾಡಿದಳು. ಅವರು ಮೈಕು ಬಿಟ್ಟು ನೇರವಾಗಿ ಆ ತೊಲೆಯ ಕೆಳಕ್ಕೇ ನಡೆದರು. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ತೋಳು ಹಿಡಿದು ಪಕ್ಕದ ಬಾಗಿಲಿಗೆ ದಾಟಿಸಿದರು. ಅವರ ಕಪ್ಪು ಕೋಟಿನ ಭುಜ ಬೆಳ್ಳಗಾಗುತ್ತಿತ್ತು. ಅವರು ತಲೆಯೆತ್ತಲಿಲ್ಲ.

ಗ್ಯಾಲರಿ ಖಾಲಿಯಾಯಿತು ಎಂದುಕೊಳ್ಳುವಾಗ ಮುಂದಿನ ಸಾಲಿನ ತುದಿಯಲ್ಲಿ ಒಬ್ಬಳು ಉಳಿದಿದ್ದಳು. ಸಣ್ಣ ಮೈಕಟ್ಟಿನ ಹುಡುಗಿ. ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕಲ್ಲಾಗಿದ್ದಳು.

"ಬಾ ಪುಟ್ಟಿ."

"ಕಾಲು ಬರ್ತಿಲ್ಲ ಅಕ್ಕಾ."

ಬೀಗದಕ್ಕ ಚಪ್ಪಲಿ ಬಿಟ್ಟಳು. ಒಂಬತ್ತು ಸಾಲು. ನೆಲದೊಳಗೆ, ಅಂಗಾಲಿನ ಕೆಳಗೆ, ಬೆಕ್ಕು ಗುರುಗುಟ್ಟಿದಂಥ ನಡುಕವಿತ್ತು. ಅದು ತನ್ನ ಮಂಡಿಯದೋ ತೊಲೆಯದೋ ಅವಳಿಗೆ ತಿಳಿಯಲಿಲ್ಲ. ಹುಡುಗಿಯ ಬೆರಳುಗಳನ್ನು ಒಂದೊಂದಾಗಿ ಕಂಬಿಯಿಂದ ಬಿಡಿಸಿದಳು. "ನನ್ನ ಹೆಜ್ಜೆ ಮೇಲೆ ಹೆಜ್ಜೆ ಇಡು. ಕೆಳಗೆ ನೋಡ್ಬೇಡ. ನಿಂದೂ ಪ್ರಬಂಧ ಇತ್ತಾ?"

"ಇಲ್ಲ. ನಾನು ಹಾಜರಿಗೆ ಬಂದಿದ್ದು."

"ಹಾಕ್ತಾರೆ ಬಾ. ಇವತ್ತು ಹಾಜರಿ ಹಾಕ್ದೆ ಇನ್ಯಾವತ್ತು ಹಾಕ್ತಾರೆ?"

ಹುಡುಗಿ ನಕ್ಕಳೋ ಬಿಕ್ಕಿದಳೋ, ಮೆಲ್ಲಗೆ ಕಾಲೆತ್ತಿ ಹೆಜ್ಜೆ ಇಟ್ಟಳು. ಇಬ್ಬರೂ ಬಾಗಿಲು ಮುಟ್ಟಿದರು, ಮೆಟ್ಟಿಲಿಳಿದರು.

ಹೊರಗೆ ಅಂಗಳದ ಬಿಸಿಲಿನಲ್ಲಿ ಎಂಟುನೂರು ಜನ ನಿಂತಿದ್ದರು, ಬಹಳ ಜನ ಬರಿಗಾಲಲ್ಲಿ. ಯಾರೂ ಮನೆಗೆ ಹೋಗುವ ಮಾತಾಡಲಿಲ್ಲ. ಗಿರಗಿಟ್ಲೆ ಬಂದು ಬೀಗದಕ್ಕನ ಸೆರಗಿನ ತುದಿ ಹಿಡಿದುಕೊಂಡಳು. ಪ್ರೊಫೆಸರರು ಎಲ್ಲರಿಗಿಂತ ಕೊನೆಗೆ ಹೊರಬಂದು, ಏನೋ ಹೇಳಲು ಅವಳ ಬಳಿ ನಿಂತರು. ಅವಳು ಕೈಯೆತ್ತಿ ತಡೆದಳು. ಅವಳು ಕಿವಿಗೊಟ್ಟಿದ್ದಳು.

ಒಳಗೆ ಯಾರೋ ಭಾರದ ಮೂಟೆಯನ್ನು ಬೆನ್ನಿನಿಂದ ಮೆಲ್ಲಗೆ ಇಳಿಸಿದಂಥ ಸದ್ದಾಯಿತು. ಆಮೇಲೆ ಇನ್ನೊಂದು. ಮೂರನೆಯದು ಮೆಲ್ಲಗೆ ಬರಲಿಲ್ಲ.