ಆನೆ ಓಡಿದರೂ ನಡೆದಂತೆಯೇ

ಆಫೀಸಿಂದ ಬಂದವಳೇ ಅಡುಗೆಗೆ ನಿಂತಿದ್ದೆ. ನಮ್ಮೂರು ಬಿಕ್ಕೋಡಿನ ಆನೆಯ ವಿಡಿಯೊ ನೋಡುತ್ತಿದ್ದ ಮಗಳು, "ಸುಮ್ನೆ ನಡ್ಕೊಂಡು ಹೋಗ್ತಿದೆ, ಜನ ಯಾಕಮ್ಮ ಕಿರುಚ್ತಾರೆ?" ಅಂದಳು.

ಚಿಕ್ಕವಳಿದ್ದಾಗ ನಾನೂ ಹಾಗೇ ಅಂದಿದ್ದೆ. ಅವ್ವ ಅಲ್ಲೇ ತೋಟದಲ್ಲಿ ಕಾಫಿ ಹಣ್ಣು ಬಿಡಿಸುತ್ತಿದ್ದಳು. ಒಂದು ಸಂಜೆ ನಾವಿಬ್ಬರೂ ತೋಟದ ಕೂಲಿಯವರ ಲೈನ್ ಮನೆಯ ಬಾಗಿಲಿಗೆ ಬಂದಾಗ ದೂರದಲ್ಲಿ ಆನೆ ಕಾಣಿಸಿತು. ಅದು ನೆಗೆಯಲಿಲ್ಲ, ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡಲೇ ಇಲ್ಲ.

"ನಡೀತೈತೆ ಬಿಡವ್ವ" ಅಂದೆ.

"ಓಡ್ತೈತೆ ಕಣೇ ಅದು!" ಅಂತ ಅವ್ವ ಹಣ್ಣಿನ ಅಂಟು ಕೈಯಲ್ಲೇ ನನ್ನ ರಟ್ಟೆ ಹಿಡಿದು ಒಳಕ್ಕೆಳೆದಳು. ಕದ ಹಾಕುವಷ್ಟರಲ್ಲಿ ಆನೆ ಅಂಗಳದಲ್ಲಿತ್ತು.

ಇದನ್ನೆಲ್ಲ ನೆನೆಯುತ್ತಲೇ ಕುಕ್ಕರ್ ಇಳಿಸಿದೆ, ಬಟ್ಟೆ ನೆನೆಹಾಕಿದೆ, ಮತ್ತೆ ಒಲೆ ಹತ್ತಿರ ಬಂದೆ.

"ನೀನೂ ಆನೆ ಥರಾನೇ ನಡೀತೀಯಮ್ಮ" ಅಂತ ಮಗಳು ನಕ್ಕಳು.

ಓಡ್ತಿದೀನಿ ಕಣೇ ಅನ್ನೋಕೂ ನನ್ನಲ್ಲಿ ಉಸಿರಿರಲಿಲ್ಲ.