ಚಾಚಾ ಒರೆಸಿದ ಜಿಡ್ಡು

ಕಳೆದ ಭಾನುವಾರ ಶಹಾಬಾದಿನ ಗ್ಯಾರೇಜೊಂದರಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದೆ. ನಮ್ಮ ಬೈಕಿನ ಹಿಂದಿನ ಎರಡೂ ಶಾಕ್ ಅಬ್ಸಾರ್ಬರುಗಳು ಸವೆದುಹೋಗಿದ್ದವು, ಬದಲಿಸುತ್ತಿದ್ದರು. ಬಿಚ್ಚಿ ಕೆಳಗಿಟ್ಟ ಹಳೆಯ ಶಾಕಿನಿಂದ ವಾಸನೆ ಬಂತು. ಹಳಸಿದ ಎಣ್ಣೆ, ಬಿಸಿ ರಬ್ಬರು, ಅದರ ಜೊತೆ ಕಲ್ಲುಪುಡಿಯ ಒಣ ವಾಸನೆ... ಅಷ್ಟು ಸಾಕಾಯಿತು, ವಾಡಿಯ ಚಾಚಾ ನೆನಪಾದರು. ಹೆಂಗಸಿಗೆ ಗ್ಯಾರೇಜಿನ ವಾಸನೆಯಿಂದ ಒಬ್ಬ ಮನುಷ್ಯ ನೆನಪಾದರೆ ನಗಬೇಡಿ. ನನ್ನ ಅರ್ಧ ಆಯುಷ್ಯ ಆ ಬೈಕಿನ ಹಿಂದಿನ ಸೀಟಿನಲ್ಲೇ ಕಳೆದಿದೆ.

ನಾನು ಚಿತ್ತಾಪುರದಲ್ಲಿ ಶಾಲೆಯ ಟೀಚರು, ನನ್ನ ಯಜಮಾನರು ಸರ್ವೇಯರು. ಮದುವೆಯಾದ ಹೊಸದರಲ್ಲಿ ಉಳಿದವರೆಲ್ಲ ಫ್ರಿಜ್ಜು, ಸೋಫಾ ಎಂದು ಓಡಾಡುತ್ತಿದ್ದರೆ ಇವರು ದೂರದ ಊರುಗಳಿಗೆ ಹೋಗಲಿಕ್ಕೆಂದೇ ಮಾಡಿದ ದೊಡ್ಡ ಟೂರಿಂಗ್ ಬೈಕು ತಂದು ಅಂಗಳದಲ್ಲಿ ನಿಲ್ಲಿಸಿದರು. ಎರಡು ಕಡೆ ಪೆಟ್ಟಿಗೆ, ಮುಂದೆ ಗಾಜು. ಅತ್ತೆ ಅದರ ಸುತ್ತ ಒಂದು ಸುತ್ತು ಬಂದು, "ಇದಕ್ಕ ಹುಲ್ಲ ಹಾಕಬೇಕೋ, ಹಿಂಡಿ ಹಾಕಬೇಕೋ?" ಎಂದು ಕೇಳಿದ್ದರು. ಅದರ ಮೇಲೆ ಸೇಡಂ, ಕಾಳಗಿ, ಚಿಂಚೋಳಿಯ ಕಾಡು, ಅಲ್ಲಿಂದಾಚೆ ತೆಲಂಗಾಣ... ರಜೆ ಬಂತೆಂದರೆ ನಾವು ಮನೆಯಲ್ಲಿರುತ್ತಿರಲಿಲ್ಲ.

ನಾನು ಐದು ತಿಂಗಳ ಬಸುರಿಯಾಗಿದ್ದಾಗ ಒಮ್ಮೆ ಚಿಂಚೋಳಿಗೆ ಹೋಗಿ ಬಂದೆವು. ಹಟ ಮಾಡಿ ಹೊರಡಿಸಿದವಳು ನಾನೇ. ದಾರಿ ಭಾಳ ಕೆಟ್ಟಿತ್ತು. ಬಂದ ಮೂರನೆಯ ದಿನ ಮಗು ಹೋಯಿತು. ಇದಕ್ಕೂ ಬೈಕಿಗೂ ಸಂಬಂಧವಿಲ್ಲ ಎಂದು ಡಾಕ್ಟರಮ್ಮ ಎರಡೆರಡು ಸಲ ಹೇಳಿದರು. ನಾನು ನಂಬಿದೆ, ಇವರು ನಂಬಲಿಲ್ಲ. ಬೈಕಿಗೆ ತಾಡಪತ್ರಿ ಹೊದಿಸಿ ಬಸ್ಸಿನಲ್ಲಿ ಓಡಾಡತೊಡಗಿದರು. ಎರಡು ವರ್ಷ. ನಗು ಹೋಯಿತು, ಮಾತು ಹೋಯಿತು. ತಾಟಿಗೆ ಬಡಿಸಿದರೆ ಉಣ್ಣುತ್ತಿದ್ದರು, ಇಲ್ಲದಿದ್ದರೆ ಅದೂ ಇಲ್ಲ. ಮಗು ಕಳೆದುಕೊಂಡವಳು ನಾನು, ಸಮಾಧಾನ ಮಾಡಬೇಕಾದವಳೂ ನಾನೇ. ಸಿಟ್ಟು ಬರುತ್ತಿತ್ತು, ಸುಳ್ಳೇಕೆ ಹೇಳಲಿ. ಕೊನೆಗೊಂದು ದಿನ ತಾಡಪತ್ರಿ ಕಿತ್ತೆಸೆದು, "ಇದನ್ನ ಮಾರ್ತೀರೋ ಓಡಸ್ತೀರೋ ಒಂದು ಹೇಳ್ರಿ. ಹಿಂಗ ಅಂಗಳದಾಗ ಹೆಣ ಇಟ್ಟಂಗ ಇಡಬ್ಯಾಡ್ರಿ" ಎಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಆದರೆ ಮರುದಿನವೇ ಅವರು ಬೈಕನ್ನು ಟೆಂಪೋದಲ್ಲಿ ಹೇರಿಸಿಕೊಂಡು ವಾಡಿಗೆ ಹೋದರು.

ವಾಡಿ ಸ್ಟೇಷನ್ನಿನ ಹಿಂದೆ, ನೆಲಕ್ಕೆ ಪರಸಿ ಕಲ್ಲು ಹಾಸಿದ ತಗಡಿನ ಶೆಡ್ಡೇ ಚಾಚಾ ಅವರ ಗ್ಯಾರೇಜು. ಎಪ್ಪತ್ತರ ಹತ್ತಿರದ ವಯಸ್ಸು, ಬಿಳಿ ಗಡ್ಡ, ಸದಾ ಮೊಣಕಾಲು ನೋವು. ಅವರದೊಂದು ಪದ್ಧತಿಯಿತ್ತು. ಶಾಕ್ ಬದಲಿಸಲು ಬಂದವರು ಹಿಂದೆ ಕೂರುವವರನ್ನೂ ಕರೆತರಬೇಕು, ಇಲ್ಲವಾದರೆ ನಟ್ಟು ಬಿಚ್ಚುವ ಪಾನಾ ಮುಟ್ಟುತ್ತಿರಲಿಲ್ಲ. ಹೆಂಡತಿಯೋ ತಾಯಿಯೋ, ಅವರನ್ನು ಕೂರಿಸಿ, ಗಾಡಿ ಎಷ್ಟು ತಗ್ಗುತ್ತದೆಂದು ಬೊಟ್ಟಿನಿಂದ ಅಳೆದು, ಸ್ಪ್ರಿಂಗು ಎಷ್ಟು ಬಿಗಿಯಿರಬೇಕೆಂದು ಗೊತ್ತುಮಾಡುತ್ತಿದ್ದರು. ಟ್ರಯಲ್ ನೋಡುವಾಗಲೂ ತಾವು ಓಡಿಸುತ್ತಿರಲಿಲ್ಲ. ಮಾಲೀಕನನ್ನು ಮುಂದೆ ಕೂರಿಸಿ ತಾವು ಹಿಂದೆ ಹತ್ತುತ್ತಿದ್ದರು. ಯಾಕೆಂದು ನಾನು ಕೇಳಿದ್ದಕ್ಕೆ, "ಮುಂದ ಕುಂತವನಿಗಿ ಗುಂಡಿ ಕಾಣ್ತದ, ಮೈ ಬಿಗಿ ಹಿಡೀತಾನ. ಹಿಂದ ಕುಂತವ್ರಿಗಿ ಏನ್ ಕಾಣ್ತದಮ್ಮಾ? ಅವರ ಪಾಡ ಅವರಿಗೇ ಗೊತ್ತು" ಎಂದಿದ್ದರು.

ನಮ್ಮ ಬೈಕಿನ ಶಾಕುಗಳೂ ಹೋಗಿದ್ದವು. ಹೀಗಾಗಿ ಹೈದರಾಬಾದಿನಿಂದ ಹೊಸ ಶಾಕುಗಳು ಬಂದ ದಿನ ನನಗೂ ಕರೆ ಬಂತು. ಅಷ್ಟರಲ್ಲಿ ಇವರು ಚಾಚಾ ಅವರ ಮುಂದೆ ಎಲ್ಲವನ್ನೂ ಹೇಳಿಕೊಂಡಿದ್ದರು. ನನ್ನ ಮುಂದೆ ಬಾಯಿಬಿಡದ್ದನ್ನೂ. ಆ ಶಾಕುಗಳು ಆಗಲೇ ಕೆಟ್ಟಿದ್ದವೇನೋ, ಒಮ್ಮೆ ಬಗ್ಗಿ ನೋಡದೆ ಬಸುರಿ ಹೆಂಡತಿಯನ್ನು ಕೂರಿಸಿಕೊಂಡು ಹೋದೆನೇನೋ... ಎರಡು ವರ್ಷ ಇವರನ್ನು ತಿಂದದ್ದು ಆ ಅನುಮಾನ.

ಚಾಚಾ ಬೈಕನ್ನು ನಡುವಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಗಾಲಿ ಜೋತುಬೀಳದಂತೆ ಅಡಿಗೆ ಕಲ್ಲಿನ ತುಂಡು ಕೊಟ್ಟರು. ಇವರು ಚಹಾ ತರಲು ಸ್ಟೇಷನ್ ಕಡೆ ಹೋದರು. ಮೊದಲನೆಯ ಶಾಕನ್ನು ಬಿಚ್ಚಿ ಚಾಚಾ ಬೆಳಕಿಗೆ ಹಿಡಿದು ನೋಡಿದರು. ಮೈತುಂಬ ಎಣ್ಣೆ ಸೋರಿ, ಅದರ ಮೇಲೆ ದಾರಿಯ ಬಿಳಿ ಧೂಳು ಕೂತು, ಪದರ ಪದರವಾಗಿ ಗಟ್ಟಿಯಾಗಿತ್ತು. ತಾಡಪತ್ರಿಯ ಕೆಳಗೆ ಎರಡು ವರ್ಷ ನಿಂತ ಬೈಕಿಗೆ ಅಂಥ ಧೂಳು ಎಲ್ಲಿಂದ ಬರಬೇಕು? ಓಡುವಾಗಲೇ ಸೋರಿದ್ದು, ಬಹಳ ದಿನದಿಂದ ಸೋರಿದ್ದು. ನನಗೇ ತಿಳಿಯಿತೆಂದ ಮೇಲೆ ಅವರಿಗೆ ತಿಳಿಯದೆ ಇರುತ್ತದೆಯೇ.

ಚಾಚಾ ನನ್ನ ಮುಖ ನೋಡಿದರು. ನಾನು ಏನೂ ಹೇಳಲಿಲ್ಲ. ಅವರು ಸೀಮೆಎಣ್ಣೆಯಲ್ಲಿ ನೆನೆದ ಬಟ್ಟೆ ತೆಗೆದುಕೊಂಡು ಆ ಜಿಡ್ಡನ್ನು ಉಗುರಿನಿಂದ ಕೆರೆದು ಕೆರೆದು ಒರೆಸಿದರು. ಇನ್ನೊಂದು ಶಾಕಿನದನ್ನು ಬಿಚ್ಚುವ ಮೊದಲೇ ಒರೆಸಿದರು. ಗಿರಾಕಿಗೆ ಸುಳ್ಳು ಹೇಳದ ಮನುಷ್ಯ ಎಂದು ಇಡೀ ವಾಡಿಯಲ್ಲಿ ಅವರಿಗೆ ಹೆಸರಿತ್ತು...

ಇವರು ಚಹಾ ತಂದಿಟ್ಟು ಹಳೆಯ ಶಾಕನ್ನು ಎತ್ತಿಕೊಂಡರು.

"ಚಾಚಾ, ಖರೇ ಹೇಳ್ರಿ. ಚಿಂಚೋಳಿಗಿ ಹೋಗೋ ಮುಂಚೇನೇ ಇವು ಹೋಗಿದ್ವು ಏನು?"

ಚಾಚಾ ಚಹಾವನ್ನು ಕಪ್ಪಿನಡಿಯ ಬಸಿಗೆ ಸುರಿದುಕೊಂಡು ಒಂದು ಗುಟುಕು ಕುಡಿದರು. "ಬೇಟಾ, ಗಾಡಿ ನಿಂತ್ರ ಸೀಲ್ ಒಣಗ್ತದ. ಇವು ಓಡಿ ಹೋಗಿದ್ದಲ್ಲ, ನಿಂತು ಹೋಗ್ಯಾವ. ಅವತ್ತು ಛಲೋ ಇದ್ವು. ಎರಡು ವರ್ಷ ಸುಮ್ನ ನಿಲ್ಲಿಸಿ ನೀನೇ ಕೆಡಿಸಿದಿ ನೋಡು" ಎಂದು ಬೈದರು.

ಬೈದದ್ದೇ ಒಳ್ಳೆಯದಾಯಿತು. ಇವರು ಅಲ್ಲೇ ನೆಲದ ಮೇಲೆ ಕೂತು ಮುಖ ಮುಚ್ಚಿಕೊಂಡು ಅತ್ತರು. ಎರಡು ವರ್ಷದಲ್ಲಿ ಮೊದಲ ಸಲ. ಚಾಚಾ ಬೆನ್ನು ತಿರುಗಿಸಿ ಬೋಲ್ಟಿಗೆ ಗ್ರೀಸು ಹಚ್ಚುತ್ತಾ ಕೂತರು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.

ಹೊಸವು ಕೂತ ಮೇಲೆ ನನ್ನನ್ನು ಕೂರಿಸಿ ಅಳೆದರು. ರೈಲ್ವೆ ಗೇಟಿನವರೆಗೆ ತಾವೇ ಇವರ ಹಿಂದೆ ಕೂತು ಹೋಗಿ ಬಂದರು. ಸೊಂಟ ಹಿಡಿದುಕೊಂಡು ಇಳಿದು, "ಸ್ಪ್ರಿಂಗು ಇನ್ನೊಂದು ಹಲ್ಲು ಸಡಿಲ ಮಾಡ್ಬೇಕು, ಬೇಟಿ ಹಗುರ ಇದ್ದಾಳ" ಎಂದರು. ಅದೂ ಆಯಿತು. "ಈಗ ಕುಂದ್ರವ್ವಾ" ಎಂದಾಗ ಮಾತ್ರ, ಧೈರ್ಯವಂತೆ ಎಂದು ಕೊಚ್ಚಿಕೊಳ್ಳುವ ನಾನೇ ಒಂದು ಹೆಜ್ಜೆ ಹಿಂದೆ ಸರಿದೆ. ಆಮೇಲೆ ಹತ್ತಿ ಇವರ ಭುಜ ಹಿಡಿದೆ. ಪಕ್ಕದ ನಾಲವಾರ ಊರಿನವರೆಗೆ ಹೋಗಿ ಬಂದೆವು. ದಾರಿಯುದ್ದಕ್ಕೂ "ಬಡೀತದೇನು?" ಎಂದು ಕೇಳುತ್ತಲೇ ಇದ್ದರು. ಹತ್ತನೆಯ ಸಲಕ್ಕೆ, "ಗಾಡಿ ಬಡಿಯಂಗಿಲ್ರಿ, ನಿಮ್ಮ ಮಾತೇ ಬಡೀಲಿಕತ್ತದ" ಎಂದೆ. ಇವರು ನಕ್ಕರು. ಆ ನಗು ಕೇಳಿ ನಾನು ಹಿಂದೆ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

ಆಮೇಲೆ ನಮಗೆ ಮಕ್ಕಳಾಗಲಿಲ್ಲ. ಅದು ದುಃಖವೇ. ಆದರೆ ಇಬ್ಬರೂ ಕೂಡಿ ಪಟ್ಟ ದುಃಖ. ಮೊದಲಿನ ಹಾಗೆ ಒಬ್ಬರು ಅಂಗಳದಲ್ಲಿ, ಒಬ್ಬರು ಅಡುಗೆಮನೆಯಲ್ಲಿ ಪಟ್ಟದ್ದಲ್ಲ.

ಚಾಚಾ ತೀರಿಕೊಂಡು ನಾಲ್ಕು ವರ್ಷವಾಯಿತು. ಮಣ್ಣು ಕೊಡಲು ಇವರೂ ಹೋಗಿದ್ದರು. ಶೆಡ್ಡಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಅವತ್ತು ನೀವು ಒರೆಸಿದ್ದನ್ನು ನೋಡಿದ್ದೆ, ಉಪಕಾರವಾಯಿತು ಎಂದು ಒಮ್ಮೆಯಾದರೂ ಅವರಿಗೆ ಹೇಳಬೇಕಿತ್ತು. ಪ್ರತಿ ಸಲ ಹೋದಾಗಲೂ ಇವರು ಜೊತೆಗಿರುತ್ತಿದ್ದರು. ಹೇಳಲಾಗಲಿಲ್ಲ...

ಕಳೆದ ಭಾನುವಾರದ ಮೆಕ್ಯಾನಿಕ್ ಒಳ್ಳೆಯ ಕೆಲಸಗಾರನೇ. ನನ್ನನ್ನು ಕೂರಿಸಿ ಅಳೆಯಲಿಲ್ಲ ಅಷ್ಟೇ. ಮಾತಿನ ನಡುವೆ ಇವರು, "ಹಿಂದಕ್ಕೊಮ್ಮೆ ಎರಡು ವರ್ಷ ನಿಲ್ಲಿಸಿದ್ದೆ. ನಿಂತಲ್ಲೇ ಶಾಕ್ ಹೋಗಿದ್ವು ನೋಡಪ್ಪ" ಎಂದರು.

"ನಿಂತ ಗಾಡಿ ಶಾಕ್ ಎಲ್ಲಿ ಹೋಗ್ತಾವ್ರಿ ಸರ?" ಆತ ಪಾನಾ ತಿರುವುತ್ತಾ ನಕ್ಕ. "ಅವು ಮೊದಲೇ ಹೋಗಿರ್ತಾವ. ನಿಮಗ ಗೊತ್ತಾಗಿರಂಗಿಲ್ಲ."

ಇವರ ಮುಖದ ಬಣ್ಣ ಹೋಯಿತು. ನನ್ನ ಕಡೆ ನೋಡಿದರು. ನಾನು ಕುರ್ಚಿಯಿಂದ ಎದ್ದೆ.

"ನಾ ಅಲ್ಲೇ ಇದ್ದೆನಪ್ಪ," ಎಂದೆ. "ಬಿಚ್ಚಿದಾಗ ಕಣ್ಣಾರೆ ನೋಡೀನಿ. ಅವುಗಳ ಮ್ಯಾಲ ಧೂಳಿನ ಕಣ ಸುದ್ದಾ ಇರಲಿಲ್ಲ."

ಇವರು ಉಸಿರು ಬಿಟ್ಟು ಬೈಕಿನ ಕಡೆ ತಿರುಗಿದರು. ಇಷ್ಟು ವರ್ಷ ಆ ಸುಳ್ಳನ್ನು ಹೇಳಿದವರು ಚಾಚಾ, ನಾನು ಬರೀ ಸುಮ್ಮನಿದ್ದವಳು. ಅವರು ಇನ್ನಿಲ್ಲ ಎಂಬುದು ನನಗೆ ಪೂರ್ತಿ ತಿಳಿದದ್ದು ಅವತ್ತೇ.