ಚನ್ನಬಸಮ್ಮನ ಮಿಲ್ಲಿಗೆ ಬಂದ ಮುಯ್ಯಾಳು

ಕಾಡುಹಂದಿ ಬಂದು ತಿಂದುಹಾಕದಂಥ ಕಸುಬು ಬೇಕು ಎಂದು, ತಮಿಳುನಾಡಿಗೆ ಸೇರಿದ ನಮ್ಮ ತಿಗನಾರೆಯ ಚನ್ನಬಸಮ್ಮ ಹೇಳಿದಾಗ ಊರೇ ನಕ್ಕಿತು. ಗಂಡ ಸತ್ತ ಮೇಲೆ ಒಣಹೊಲವನ್ನು ಒಬ್ಬಳೇ ಮಾಡಿದವಳು. ಆನೆ, ಹಂದಿ ತಿಂದು ಬಿಟ್ಟದ್ದಷ್ಟೇ ಅವಳ ಪಾಲು. ಡೀಸೆಲ್ ಎಂಜಿನ್ ಹಾಕಿ ರಾಗಿ ಬೀಸುವ ಮಿಲ್ಲು ಇಡಬೇಕೆಂಬುದು ಅವಳ ಹಟ. ಆಗೆಲ್ಲ ನಮ್ಮ ಹೆಂಗಸರು ಹಿಟ್ಟು ಮಾಡಿಸಲು ಮೂಟೆ ಹೊತ್ತು, ಕಾಡುದಾರಿ ಹಿಡಿದು ತಾಳವಾಡಿಗೆ ನಡೆಯುತ್ತಿದ್ದರು.

ಬ್ಯಾಂಕಿನಲ್ಲಿ ಹೊಲದ ಪಟ್ಟಾ ಕೇಳಿದರು. ಅದು ಭಾವನ ಹೆಸರಿನಲ್ಲಿತ್ತು, ಅವನು ಕೊಡಲಿಲ್ಲ. ಇದು ೧೯೮೧ರ ಮಾತು. ರೈತಸಂಘದ ನಾವು ಬ್ಯಾಂಕಿನ ಮುಂದೆ ಕೂತು ಗಂಟಲು ಹರಿಯುವಂತೆ ಕೂಗಿದೆವು. ಮ್ಯಾನೇಜರು ಒಳಗೆ ಕರೆದು ಟೀ ಕೊಟ್ಟು, ಮೊದಲು ಕಟ್ಟಡ ತೋರಿಸಿ, ಪಟ್ಟಾ ಇರುವ ಒಬ್ಬರ ಜಾಮೀನು ತನ್ನಿ ಎಂದರು. ಟೀ ಕುಡಿದು ಎದ್ದು ಬಂದೆವು.

ಚನ್ನಬಸಮ್ಮ ಮಾತ್ರ ಆ ಕಟ್ಟಡದ ಮಾತನ್ನೇ ಹಿಡಿದಳು. ನಮ್ಮಲ್ಲಿ ಮುಯ್ಯಾಳು ಅಂತ ಇದೆ. ನಿನ್ನ ಹೊಲಕ್ಕೆ ನಾನು ಬಂದರೆ ನನ್ನ ಹೊಲಕ್ಕೆ ನೀನು ಬರಬೇಕು, ಕೂಲಿಯ ಮಾತಿಲ್ಲ. ವರ್ಷಗಟ್ಟಲೆ ಎಲ್ಲರ ಹೊಲದಲ್ಲೂ ದುಡಿದಿದ್ದ ಅವಳಿಗೆ ಊರೆಲ್ಲ ಆಳು ಕೊಡಬೇಕಿತ್ತು. ಆ ಆಳುಗಳನ್ನೆಲ್ಲ ಹಿತ್ತಿಲಲ್ಲಿ ಗೋಡೆ ಎಬ್ಬಿಸಲು ಕೇಳಿದಳು.

ದೊಡ್ಡ ಹಿಡುವಳಿಯ ಶಿವಮಲ್ಲಪ್ಪನವರು ಒಪ್ಪಲಿಲ್ಲ. ಕಳೆಗೆ ಕಳೆ, ಕುಯ್ಲಿಗೆ ಕುಯ್ಲು, ಗೋಡೆ ಕಟ್ಟುವುದು ಯಾವ ಕಾಲದ ಮುಯ್ಯಾಳು ಎಂದು ಜಗಲಿಯಲ್ಲೇ ಕೂತು ಕೇಳಿದರು. ಪಕ್ಕದ ಮನೆಯ ಪುಟ್ಟನಂಜಮ್ಮ ಸುಮ್ಮನಿರುವವಳಲ್ಲ.

"ಶಿವಮಲ್ಲಪ್ನೋರೆ, ಮೂಟೆ ಒತ್ಕಂಡು ತಾಳವಾಡಿಗ ಓಗೋರು ನೀವಾ, ನಾವಾ? ಒಂದ್ಸಲ ಒತ್ತು ನೋಡ್ಬುಟ್ಟು ಆಮೇಲ ನ್ಯಾಯ ಏಳಿ."

ಹೆಂಗಸರು ಮಣ್ಣು ತುಳಿದರು, ಗಂಡಸರು ಗೋಡೆ ಎತ್ತಿದರು. ಶಿವಮಲ್ಲಪ್ಪನವರ ಮನೆಯಿಂದ ಒಂದು ಆಳೂ ಬರಲಿಲ್ಲ. ಕುಯ್ಲಿನ ಹೊತ್ತಿಗೆ ಮಾತ್ರ ಅವರ ಆಳುಗಳು ಅವಳ ಹೊಲಕ್ಕಿಳಿದು ರಾಗಿ ಕುಯ್ದು, ಕುಯ್ಲಿನ ಬಾಕಿ ತೀರಿಸಿ ಹೊರಟುಹೋದರು.

ಹೆಂಚು ಹೊದಿಸಿದ ಮೇಲೆ ಮ್ಯಾನೇಜರು ಜೀಪಿನಲ್ಲಿ ಬಂದರು. ಕಟ್ಟಡ ನೋಡಿ ತಲೆಯಾಡಿಸಿ, ಜಾಮೀನು ಯಾರು ಎಂದರು. ಭಾವ ಆಗಲೇ ಮನೆಗೆ ಬೀಗ ಹಾಕಿ ಹಾಸನೂರಿಗೆ ಹೋಗಿದ್ದ. ಉಳಿದವರದ್ದು ಜಾಮೀನಿಗೆ ಸಾಲದ ತುಂಡು ಹೊಲ. ಚನ್ನಬಸಮ್ಮ ಹೊಸ ಗೋಡೆಗೆ ಒರಗಿ ನಿಂತಿದ್ದಳು. ಆಗ ಶಿವಮಲ್ಲಪ್ಪನವರು ಟವೆಲ್ ಕೊಡವಿಕೊಂಡು ಬಂದರು.

ಈಕೆ ನಿಮಗೆ ಏನಾಗಬೇಕು ಎಂದು ಮ್ಯಾನೇಜರು ತಮಿಳಿನಲ್ಲಿ ಕೇಳಿದರು. ಇವರು ಕನ್ನಡದಲ್ಲೇ ಹೇಳಿದರು.

"ನೆಂಟಸ್ತನ ಏನೂ ಇಲ್ಲ. ಬತ್ತೀನಿ ಅಂದ ದಿನ ಕೆಲ್ಸಕ್ಕ ಬರ್ದೆ ಇದ್ದವಳಲ್ಲ. ಗೋಡೆ ಮುಯ್ಯಾಳಲ್ಲ, ಅದು ಈಗ್ಲೂ ಅಲ್ಲ ಕಣಮ್ಮಿ ಚನ್ನಬಸಿ. ಎಲ್ಲಿ ರುಜು ಆಕ್ಬೇಕು ತೋರ್ಸಪ್ಪ."

ಬಡವರಿಗೆ ಬಂಡವಾಳ ಎಲ್ಲಿಂದ ಹುಟ್ಟುತ್ತದೆ ಎಂದು ಸಭೆಗಳಲ್ಲಿ ಬೇಕಾದಷ್ಟು ಭಾಷಣ ಕೇಳಿದ್ದೇನೆ, ಮಾಡಿಯೂ ಇದ್ದೇನೆ. ನಾನು ಕಣ್ಣಾರೆ ಕಂಡದ್ದು ಈ ಹಿತ್ತಿಲಲ್ಲಿ. ಮಣ್ಣು ತುಳಿದವರಿಗೂ ರುಜು ಹಾಕಿದ ಆ ಮೊಂಡು ಮುದುಕರಿಗೂ ನಾನು ಕೈ ಮುಗಿಯುತ್ತೇನೆ.

ಎಂಜಿನ್ ಬಂತು. ಮೊದಲ ದಿನ ಹಿಟ್ಟು ಬಿಸಿಬಿಸಿಯಾಗಿ ಇಳಿಯುವಾಗ ಅಷ್ಟು ವರ್ಷ ತಾಳವಾಡಿಗೆ ಮೂಟೆ ಹೊತ್ತಿದ್ದ ನನ್ನವ್ವ ಅದಕ್ಕೆ ಕೈಯೊಡ್ಡಿ ನಿಂತಳು. ಹಿಂದಿದ್ದವರು ಸರಿಯಮ್ಮ ಅಂದರೂ ಸರಿಯಲಿಲ್ಲ. ಚನ್ನಬಸಮ್ಮ ನಿಲ್ಲಲಿ ಬಿಡಿ ಎಂದಳು.